ಚಿಟ್ಟೆಪೊದೆಯ ಕಥೆ: ಮಕರಂದ ಕೊಟ್ಟರೆ ಸಾಕೆ?

ಹಿತ್ತಲಿಗೆ ಚಿಟ್ಟೆಗಳು ಬರಬೇಕಾದರೆ ಏನು ನೆಡಬೇಕು? ಈ ಪ್ರಶ್ನೆಯನ್ನು ನಿಮ್ಮ ತರಗತಿಯಲ್ಲಿ ಕೇಳಿ ನೋಡಿ. 'ಹೂವಿನ ಗಿಡ' ಎಂಬ ಉತ್ತರ ತಟ್ಟನೆ ಬರುತ್ತದೆ. ಎಂಥ ಹೂವು ಎಂದು ಕೇಳಿದರೆ 'ಒಳ್ಳೆಯ ಬಣ್ಣ, ಒಳ್ಳೆಯ ಪರಿಮಳ, ತುಂಬ ಮಕರಂದ ಇರುವಂಥದು' ಎನ್ನುತ್ತಾರೆ ಮಕ್ಕಳು. ಉತ್ತರ ತಪ್ಪಲ್ಲ. ಆದರೆ ಅದು ಅರ್ಧ ಉತ್ತರ ಮಾತ್ರ. ಉಳಿದರ್ಧವನ್ನು ತಿಳಿಯಲು ಒಂದು ಪೊದೆಗಿಡದ ಚರಿತ್ರೆಯನ್ನು ನೋಡೋಣ.

ಆ ಪೊದೆಯ ಹೆಸರು ಬಡ್ಲಿಯ. ವೈಜ್ಞಾನಿಕವಾಗಿ ಬಡ್ಲಿಯ ಡೇವಿಡಿಐ. ಬ್ರಿಟನ್ನಿನ ಜನ ಅದನ್ನು 'ಚಿಟ್ಟೆಪೊದೆ' ಎಂದು ಕರೆಯುತ್ತಾರೆ. ಆಳೆತ್ತರಕ್ಕಿಂತ ಹೆಚ್ಚು ಬೆಳೆಯುವ ಈ ಪೊದೆಯಲ್ಲಿ ಬೇಸಿಗೆಯ ಕೊನೆಯ ತಿಂಗಳುಗಳಲ್ಲಿ ಗೇಣುದ್ದದ ಹೂಗೊಂಚಲುಗಳು ಬಾಗಿ ನಿಲ್ಲುತ್ತವೆ. ಪುಟ್ಟ ಪುಟ್ಟ ನೇರಳೆ ಹೂಗಳು. ಪ್ರತಿ ಹೂವಿನ ಗಂಟಲಲ್ಲಿ ಕಿತ್ತಳೆ ಬಣ್ಣದ ಒಂದು ಚುಕ್ಕೆ. ಜೇನಿನಂಥ ಪರಿಮಳ. ಬಿಸಿಲಿನ ದಿನ ಒಂದೇ ಪೊದೆಯ ಮೇಲೆ ನಾಲ್ಕೈದು ಬಗೆಯ ಚಿಟ್ಟೆಗಳನ್ನು ನೋಡಬಹುದು. ವನ್ಯಜೀವಿಗಳಿಗೆ ಆಸರೆಯಾಗುವ ತೋಟ ಮಾಡಬೇಕೆಂದು ಹೊರಟ ಅಲ್ಲಿನವರು ಮೊದಲು ನೆಡುತ್ತಿದ್ದ ಗಿಡಗಳಲ್ಲಿ ಇದೂ ಒಂದು.

ಆದರೆ ಈ ಪೊದೆ ಬ್ರಿಟನ್ನಿನದಲ್ಲ. ಅದರ ತವರು ಚೀನಾ. ಅಲ್ಲಿಂದ ಅದು ಹೊರಟು ಬಂದದ್ದು ಹೇಗೆ?

ನೋಡದ ಗಿಡಕ್ಕೆ ಹೆಸರಾದವನು

ಮೊದಲು ಹೆಸರಿನ ವಿಚಾರ. ಆಡಂ ಬಡ್ಲ್ (1662-1715) ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿದ್ದ ಪಾದ್ರಿ. ಬಿಡುವಿನ ವೇಳೆಯಲ್ಲಿ ಸಸ್ಯಗಳ ಅಧ್ಯಯನ. ಪಾಚಿಸಸ್ಯಗಳಲ್ಲಿ ವಿಶೇಷ ಆಸಕ್ತಿ. ಇಂಗ್ಲೆಂಡಿನ ಸಸ್ಯಗಳನ್ನು ಕುರಿತು ಅವನೊಂದು ದೊಡ್ಡ ಗ್ರಂಥ ಬರೆದಿಟ್ಟ. ಅದು ಅಚ್ಚಾಗಲೇ ಇಲ್ಲ. ಅವನು ಒಣಗಿಸಿ ಜೋಡಿಸಿಟ್ಟ ಸಸ್ಯಗಳ ಸಂಗ್ರಹ ಮಾತ್ರ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಉಳಿದಿದೆ.

ಅವನು ತೀರಿಕೊಂಡ ಮೇಲೆ ವಿಲಿಯಂ ಹ್ಯೂಸ್ಟನ್ ಎಂಬ ಶಸ್ತ್ರವೈದ್ಯ ಕೆರಿಬಿಯನ್ ಪ್ರದೇಶದಲ್ಲಿ ಸಸ್ಯಗಳನ್ನು ಸಂಗ್ರಹಿಸುತ್ತಿದ್ದಾಗ ಹೊಸ ಪೊದೆಯೊಂದನ್ನು ಕಂಡ. ಬಡ್ಲ್‌ನ ನೆನಪಿಗೆಂದು ಅದಕ್ಕೆ ಅವನ ಹೆಸರನ್ನು ಸೂಚಿಸಿದ. ಲಿನೇಯಸ್ ತನ್ನ 1753ರ ಪ್ರಸಿದ್ಧ ಗ್ರಂಥ 'ಸ್ಪೀಶೀಸ್ ಪ್ಲಾಂಟಾರಮ್'ನಲ್ಲಿ ಆ ಹೆಸರನ್ನೇ ಉಳಿಸಿಕೊಂಡ. ಹೀಗೆ ಬಡ್ಲಿಯ ಎಂಬ ಕುಲ ಸಸ್ಯಶಾಸ್ತ್ರಕ್ಕೆ ಸೇರಿತು. ತನ್ನ ಹೆಸರಿನ ಗಿಡವನ್ನು ಬಡ್ಲ್ ಕಣ್ಣಾರೆ ನೋಡಿರಲೇ ಇಲ್ಲ!

ಪಾಂಡಾ ಕಂಡವನೇ ಪೊದೆಯನ್ನೂ ಕಂಡ

ಚಿಟ್ಟೆಪೊದೆಯ ಹೆಸರಿನ ಎರಡನೆಯ ಭಾಗ ಇನ್ನೊಬ್ಬ ಪಾದ್ರಿಯದು. ಆರ್ಮಾ ಡೇವಿಡ್ 1826ರಲ್ಲಿ ಫ್ರಾನ್ಸಿನ ಎಸ್ಪೆಲೆಟ್ ಎಂಬ ಊರಿನಲ್ಲಿ ಹುಟ್ಟಿದ. ಧರ್ಮಪ್ರಚಾರಕ್ಕಾಗಿ 1862ರಲ್ಲಿ ಚೀನಾಕ್ಕೆ ಹೋದ. ಅವನು ಚೀನಾದಿಂದ ಕಳುಹಿಸಿದ ಪ್ರಾಣಿ, ಸಸ್ಯಗಳ ಮಾದರಿಗಳನ್ನು ನೋಡಿ ಪ್ಯಾರಿಸ್ಸಿನ ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದವರು ಬೆರಗಾದರು. 1865ರಲ್ಲಿ ಬೀಜಿಂಗ್ ಬಳಿ, ಚಕ್ರವರ್ತಿಯ ಬೇಟೆಯ ವನದ ಗೋಡೆಯಾಚೆಗೆ ಹೊರಜಗತ್ತಿಗೆ ತಿಳಿಯದ ಜಿಂಕೆಯೊಂದನ್ನು ಅವನು ಕಂಡ. ಅದನ್ನು ಈಗಲೂ ಡೇವಿಡನ ಜಿಂಕೆ ಎಂದೇ ಕರೆಯುತ್ತಾರೆ. 1869ರ ಮಾರ್ಚ್ 11ರಂದು ಸಿಚುವಾನ್ ಪ್ರಾಂತದ ಮುಪಿಂಗ್ ಎಂಬಲ್ಲಿ (ಇಂದಿನ ಬಾವೊಶಿಂಗ್) ಜಮೀನುದಾರನೊಬ್ಬನ ಮನೆಯಲ್ಲಿ ಕಪ್ಪು ಬಿಳುಪಿನ ಕರಡಿಯ ಚರ್ಮವನ್ನು ನೋಡಿದ. ದೈತ್ಯ ಪಾಂಡಾ ಪಾಶ್ಚಾತ್ಯ ವಿಜ್ಞಾನಕ್ಕೆ ಪರಿಚಯವಾದದ್ದು ಹಾಗೆ.

ಅದೇ ವರ್ಷ, ಅದೇ ಗುಡ್ಡಗಾಡಿನಲ್ಲಿ ಡೇವಿಡ್ ನೇರಳೆ ಹೂವಿನ ಪೊದೆಯನ್ನೂ ಸಂಗ್ರಹಿಸಿದ. ಒಣಗಿಸಿದ ಮಾದರಿ ಪ್ಯಾರಿಸ್ಸಿಗೆ ಹೋಯಿತು. ಪಾಂಡಾಕ್ಕೆ ಸಿಕ್ಕ ಗಮನ ಪೊದೆಗೆ ಸಿಗಲಿಲ್ಲ. ಹದಿನೆಂಟು ವರ್ಷಗಳ ಬಳಿಕ, 1887ರಲ್ಲಿ, ಆಡ್ರಿಯೆನ್ ಫ್ರಾಂಶೆ ಎಂಬ ಸಸ್ಯವಿಜ್ಞಾನಿ ಅದನ್ನು ವಿವರಿಸಿ ಬಡ್ಲಿಯ ಡೇವಿಡಿಐ ಎಂದು ಹೆಸರಿಟ್ಟ.

ಅಷ್ಟರಲ್ಲಿ ಚೀನಾದ ಇಚಾಂಗ್‌ನಲ್ಲಿ ಸುಂಕದ ಇಲಾಖೆಯ ನೌಕರಿಯಲ್ಲಿದ್ದ ಆಗಸ್ಟೀನ್ ಹೆನ್ರಿ ಎಂಬ ಐರಿಶ್ ವೈದ್ಯನೂ ಇದೇ ಗಿಡವನ್ನು ಸಂಗ್ರಹಿಸಿದ್ದ. ಅವನ ಮಾದರಿ ಹೋದದ್ದು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ. ಅಲ್ಲಿನ ಹೆಮ್ಸ್ಲಿ ಎಂಬ ವಿಜ್ಞಾನಿ 1889ರಲ್ಲಿ ಅದನ್ನು ಬಡ್ಲಿಯ ವೇರಿಯಾಬಿಲಿಸ್ ಎಂದು ಕರೆದ. ಒಂದು ಗಿಡ, ಎರಡು ಹೆಸರು. ಯಾವುದನ್ನು ಉಳಿಸಿಕೊಳ್ಳಬೇಕು? ನಾಮಕರಣದ ನಿಯಮದಂತೆ ಕ್ರಮಬದ್ಧವಾಗಿ ಮೊದಲು ಪ್ರಕಟವಾದ ಹೆಸರಿಗೇ ಮಾನ್ಯತೆ. 1887 ಮೊದಲು, 1889 ಆಮೇಲೆ. ಹಾಗಾಗಿ ಡೇವಿಡನ ಹೆಸರು ಗೆದ್ದಿತು. ಆದರೂ ಹಳೆಯ ತೋಟಗಾರಿಕೆ ಪುಸ್ತಕಗಳಲ್ಲಿ ವೇರಿಯಾಬಿಲಿಸ್ ಎಂಬ ಹೆಸರು ಬಹಳ ಕಾಲ ಉಳಿದಿತ್ತು.

ಒಣಗಿದ ಮಾದರಿ ವಿಜ್ಞಾನಕ್ಕೆ ಸಾಕು, ತೋಟಕ್ಕೆ ಸಾಲದು. ತೋಟಕ್ಕೆ ಬೀಜ ಬೇಕು. 1890ರ ದಶಕದಲ್ಲಿ ಸುಲಿಯೆ ಎಂಬ ಮತ್ತೊಬ್ಬ ಫ್ರೆಂಚ್ ಪಾದ್ರಿ ಟಿಬೆಟ್ ಗಡಿಯ ಕಡೆಯಿಂದ ಫ್ರಾನ್ಸಿನ ವಿಲ್ಮೊರಿನ್ ಸಂಸ್ಥೆಗೆ ಬೀಜ ಕಳುಹಿಸಿದ. ಅದರಿಂದ ಬೆಳೆದ ಗಿಡಗಳು ಚೆಂದವಾಗಿದ್ದವು. 1900ರ ನಂತರ ಅರ್ನೆಸ್ಟ್ ವಿಲ್ಸನ್ ಇಂಗ್ಲೆಂಡಿನ ವೀಚ್ ನರ್ಸರಿಗಾಗಿ ಮಧ್ಯ ಮತ್ತು ಪಶ್ಚಿಮ ಚೀನಾದಲ್ಲಿ ತಿರುಗಿ ಇನ್ನಷ್ಟು ಬಗೆಯ ಬೀಜಗಳನ್ನು ತಂದ. ಇಂದು ಮಾರುಕಟ್ಟೆಯಲ್ಲಿರುವ ಹಲವು ತಳಿಗಳ ಮೂಲ ಈ ಬೀಜಗಳಲ್ಲಿದೆ.

ಪರಿಮಳದ ಹಿಂದಿನ ರಸಾಯನ

ತವರಿನಿಂದ ಸಾವಿರಾರು ಕಿಲೊಮೀಟರ್ ದೂರದ ನಾಡಿನಲ್ಲಿ, ಹಿಂದೆಂದೂ ಕಾಣದ ಈ ಹೂವಿಗೆ ಅಲ್ಲಿನ ಚಿಟ್ಟೆಗಳು ಮುತ್ತಿದ್ದೇಕೆ? ಇದು ಒಳ್ಳೆಯ ಪ್ರಶ್ನೆ.

ಬಡ್ಲಿಯ ಹೂವು ಸುಮಾರು ಒಂದು ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆ. ಮಕರಂದ ಇರುವುದು ಅದರ ತಳದಲ್ಲಿ. ಉದ್ದನೆಯ ಹೀರುಕೊಳವೆಯುಳ್ಳ ಚಿಟ್ಟೆಗೆ ಅದು ಸುಲಭವಾಗಿ ಎಟುಕುತ್ತದೆ. ಗೊಂಚಲಿನಲ್ಲಿ ನೂರಾರು ಹೂಗಳು ಒತ್ತೊತ್ತಾಗಿ ಇರುವುದರಿಂದ ಚಿಟ್ಟೆ ಒಂದೇ ಕಡೆ ಕುಳಿತು ಹೂವಿನಿಂದ ಹೂವಿಗೆ ನಡೆದುಕೊಂಡೇ ಹೋಗಬಹುದು. ಹಾರಾಟಕ್ಕೆ ಖರ್ಚಾಗುವ ಶಕ್ತಿ ಉಳಿಯುತ್ತದೆ.

ಇನ್ನು ಪರಿಮಳ. ಹೂವಿನಿಂದ ಹೊಮ್ಮುವ ಆವಿಶೀಲ ಸಂಯುಕ್ತಗಳನ್ನು ವಿಜ್ಞಾನಿಗಳು ಸಂಗ್ರಹಿಸಿ, ಬೇರ್ಪಡಿಸಿ ನೋಡಿದ್ದಾರೆ. ಅವುಗಳಲ್ಲಿ 4-ಆಕ್ಸೊಐಸೊಫೊರೋನ್ ಎಂಬುದು ಮುಖ್ಯ. ಇಂಥ ಅಧ್ಯಯನದ ವಿಧಾನವೇ ಸ್ವಾರಸ್ಯಕರ. ಚಿಟ್ಟೆಯ ಕುಡಿಮೀಸೆಗೆ ಸೂಕ್ಷ್ಮ ವಿದ್ಯುದ್ವಾರಗಳನ್ನು ಜೋಡಿಸಿ, ಒಂದೊಂದೇ ಸಂಯುಕ್ತದ ಆವಿಯನ್ನು ಅದರ ಮೇಲೆ ಹಾಯಿಸುತ್ತಾರೆ. ಕುಡಿಮೀಸೆಯ ನರಕೋಶಗಳು ಆ ವಾಸನೆಯನ್ನು ಗುರುತಿಸಿದರೆ ಸಣ್ಣ ವಿದ್ಯುತ್ ಸಂಕೇತ ಮೂಡುತ್ತದೆ. ಯೂರೋಪಿನ ಚಿಟ್ಟೆಗಳ ಕುಡಿಮೀಸೆಗಳು ಆಕ್ಸೊಐಸೊಫೊರೋನಿಗೆ ಸ್ಪಂದಿಸುತ್ತವೆ. ಅಂದರೆ ಹೂವು ಪರದೇಶದ್ದಾದರೂ ಅದರ ವಾಸನೆಯ 'ಭಾಷೆ' ಅಲ್ಲಿನ ಚಿಟ್ಟೆಗಳಿಗೆ ಅರ್ಥವಾಗುತ್ತಿತ್ತು. ಮಕರಂದಕ್ಕಾಗಿ ಚಿಟ್ಟೆ ಒಂದೇ ಗಿಡವನ್ನು ನೆಚ್ಚಿಕೊಂಡಿರುವುದಿಲ್ಲ. ಸಕ್ಕರೆ ಸಿಗುವಲ್ಲಿ ಕುಡಿಯುತ್ತದೆ.

ಈ ಕೊನೆಯ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬೇಲಿ ದಾಟಿದ ಪೊದೆ

ಬಡ್ಲಿಯ ತೋಟದಲ್ಲಷ್ಟೇ ಉಳಿಯಲಿಲ್ಲ. 1922ರಲ್ಲಿ ವೇಲ್ಸ್‌ನ ಮೆರಿಯೊನೆತ್ ಪ್ರದೇಶದಲ್ಲಿ ಅದು ತಾನೇ ತಾನಾಗಿ ಬೆಳೆಯುತ್ತಿರುವುದು ದಾಖಲಾಯಿತು. ಅದರ ಬೀಜ ಅತಿ ಹಗುರ. ಎರಡೂ ತುದಿಗಳಲ್ಲಿ ರೆಕ್ಕೆಯಂಥ ಚಾಚು. ಒಂದು ದೊಡ್ಡ ಪೊದೆ ವರ್ಷಕ್ಕೆ ಲಕ್ಷಗಟ್ಟಲೆ ಬೀಜಗಳನ್ನು ಗಾಳಿಗೆ ಬಿಡುತ್ತದೆ.

ನಂತರ ಬಂದಿತು ಎರಡನೆಯ ಮಹಾಯುದ್ಧ. 1940ರ ಸೆಪ್ಟೆಂಬರ್‌ನಿಂದ 1941ರ ಮೇ ತನಕ ಜರ್ಮನಿಯ ವಿಮಾನಗಳು ಲಂಡನ್ನಿನ ಮೇಲೆ ಬಾಂಬಿನ ಮಳೆ ಸುರಿಸಿದವು. ಮನೆಗಳು ಇಟ್ಟಿಗೆ, ಗಾರೆಯ ರಾಶಿಗಳಾದವು. ಒಂದೆರಡು ವರ್ಷಗಳಲ್ಲಿ ಆ ರಾಶಿಗಳ ಮೇಲೆ ಹಸಿರು ಮೂಡಿತು. ಸಸ್ಯವಿಜ್ಞಾನಿ ಎಡ್ವರ್ಡ್ ಸಾಲಿಸ್ಬರಿ ಬಾಂಬು ಬಿದ್ದ ಜಾಗಗಳಲ್ಲಿ ತಿರುಗಿ, ಅಲ್ಲಿ ಬೆಳೆದ ಸಸ್ಯಗಳನ್ನು ಪಟ್ಟಿಮಾಡಿ 1943ರಲ್ಲಿ ವರದಿ ಪ್ರಕಟಿಸಿದ. ಅದೇ ವರ್ಷ ಅವನು ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾದ. ಆ ಹಾಳುಬಿದ್ದ ಜಾಗಗಳಲ್ಲಿ ಬೇರೂರಿದ ಗಿಡಗಳಲ್ಲಿ ಬಡ್ಲಿಯವೂ ಇತ್ತು. ಜನ ಅದಕ್ಕೆ 'ಬಾಂಬುಪೊದೆ' ಎಂಬ ಅಡ್ಡಹೆಸರನ್ನೂ ಇಟ್ಟರು.

ಮಣ್ಣೇ ಇಲ್ಲದಂಥ ಇಟ್ಟಿಗೆ ರಾಶಿಯಲ್ಲಿ ಅದು ಬೆಳೆದದ್ದು ಹೇಗೆ? ಉತ್ತರ ತವರಿನಲ್ಲಿದೆ. ಚೀನಾದ ಬೆಟ್ಟಗಳಲ್ಲಿ ಬಡ್ಲಿಯ ಬೆಳೆಯುವುದು ಹೊಳೆಯ ದಡದ ಉರುಟುಗಲ್ಲುಗಳ ನಡುವೆ, ಕುಸಿದ ಇಳಿಜಾರುಗಳಲ್ಲಿ. ಪ್ರವಾಹ ಬಂದು ಎಲ್ಲವನ್ನೂ ಕೊಚ್ಚಿಹಾಕಿದ ಮೇಲೆ ಬರಿದಾದ ಕಲ್ಲುನೆಲದಲ್ಲಿ ಮೊದಲು ಕಾಲಿಡುವ ಗಿಡಗಳಲ್ಲಿ ಅದೂ ಒಂದು. ನೀರು ನಿಲ್ಲದ, ಸಾರವಿಲ್ಲದ, ಬಿಸಿಲು ಬೀಳುವ ಜಾಗ ಅದಕ್ಕೆ ಹಿತ. ಒಡೆದ ಇಟ್ಟಿಗೆಯ ರಾಶಿ ಅದಕ್ಕೆ ಹೊಳೆದಂಡೆಯಂತೆಯೇ ಕಂಡಿತು! ರೈಲುಹಳಿಯ ಕೆಳಗಿನ ಜಲ್ಲಿಯೂ ಅಷ್ಟೇ. ಓಡುವ ರೈಲಿನ ಹಿಂದೆ ಸುಳಿಯುವ ಗಾಳಿ ಬೀಜಗಳನ್ನು ಮುಂದಿನ ನಿಲ್ದಾಣಕ್ಕೆ ಒಯ್ದಿತು. ಇಂದಿಗೂ ಬ್ರಿಟನ್ನಿನಲ್ಲಿ ರೈಲಿನ ಕಿಟಕಿಯಿಂದ ನೋಡಿದರೆ ಹಳಿಯ ಬದಿಯಲ್ಲಿ, ಹಳೆಯ ಗೋಡೆಗಳ ಬಿರುಕಿನಲ್ಲಿ, ಚಿಮಣಿಯ ತುದಿಯಲ್ಲಿ ನೇರಳೆ ಗೊಂಚಲುಗಳು ಕಾಣುತ್ತವೆ. ಸಿಗ್ನಲ್ ಮರೆಯಾಗದಂತೆ ರೈಲ್ವೆಯವರು ಅದನ್ನು ಕಡಿಯುತ್ತಲೇ ಇರಬೇಕು.

ಒಂದು ಸಸ್ಯ ಎಲ್ಲಿ ಹರಡೀತು ಎಂಬುದನ್ನು ಊಹಿಸಲು ಅದರ ತವರಿನ ಆವಾಸವನ್ನು ನೋಡಬೇಕು ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಪರೂಪ.

ಹೋಟೆಲು ಉಂಟು, ತೊಟ್ಟಿಲಿಲ್ಲ

1960ರ ದಶಕದ ತನಕ ಬಡ್ಲಿಯದ ಬಗ್ಗೆ ತೋಟಗಾರರಿಗೆ ಹೆಚ್ಚು ತಕರಾರಿರಲಿಲ್ಲ. ಚಿಟ್ಟೆ ಬರುತ್ತಿದೆಯಲ್ಲ, ಇನ್ನೇನು? ಪ್ರಶ್ನೆ ಎದ್ದದ್ದು ಚಿಟ್ಟೆಯ ಇಡೀ ಜೀವನವನ್ನು ಗಮನಿಸಿದಾಗ.

ಚಿಟ್ಟೆಯ ಬದುಕಿನಲ್ಲಿ ಮೊಟ್ಟೆ, ಕಂಬಳಿಹುಳು, ಕೋಶ, ಪ್ರೌಢಚಿಟ್ಟೆ ಎಂಬ ನಾಲ್ಕು ಹಂತಗಳಿವೆಯೆಂದು ನಿಮಗೆ ಗೊತ್ತು. ಪ್ರೌಢಚಿಟ್ಟೆ ಹತ್ತು ಬಗೆಯ ಹೂಗಳಲ್ಲಿ ಮಕರಂದ ಕುಡಿಯಬಹುದು. ಕಂಬಳಿಹುಳು ಹಾಗಲ್ಲ. ಅದು ಕೆಲವೇ ಸಸ್ಯಗಳ ಎಲೆಯನ್ನು ಮಾತ್ರ ತಿನ್ನಬಲ್ಲದು. ಏಕೆಂದರೆ ಎಲೆಯೆಂದರೆ ಬರಿಯ ಆಹಾರವಲ್ಲ. ಸಸ್ಯ ತನ್ನ ರಕ್ಷಣೆಗಾಗಿ ತುಂಬಿಟ್ಟುಕೊಂಡ ಕಹಿ, ವಿಷ ರಾಸಾಯನಿಕಗಳ ಉಗ್ರಾಣವೂ ಹೌದು. ಆ ರಾಸಾಯನಿಕಗಳನ್ನು ಅರಗಿಸಿಕೊಳ್ಳುವ ಸಾಮರ್ಥ್ಯ ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ಬಂದದ್ದು. ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಎಂಬ ವಿಜ್ಞಾನಿಗಳು 1964ರಲ್ಲಿ ಚಿಟ್ಟೆಗಳೂ ಸಸ್ಯಗಳೂ ಹೀಗೆ ಒಂದನ್ನೊಂದು ರೂಪಿಸುತ್ತ ಬಂದಿರುವುದನ್ನು ವಿವರಿಸಿ, ಅದನ್ನು ಸಹವಿಕಾಸವೆಂದು ಕರೆದರು.

ಬಡ್ಲಿಯಕ್ಕೆ ಮುತ್ತುವ ಬ್ರಿಟನ್ನಿನ ಚಿಟ್ಟೆಗಳನ್ನು ನೋಡಿ. ಪೀಕಾಕ್, ರೆಡ್ ಅಡ್ಮಿರಲ್, ಸ್ಮಾಲ್ ಟಾರ್ಟಾಯ್ಸ್‌ಶೆಲ್ ಈ ಮೂರರ ಕಂಬಳಿಹುಳುಗಳೂ ಮುಖ್ಯವಾಗಿ ತಿನ್ನುವುದು ಮುಟ್ಟಿದರೆ ಮೈ ಉರಿಯುವ ತುರಿಕೆ ಗಿಡವನ್ನು. ನಮ್ಮ ರಾಜ್ಯದಲ್ಲೂ ಕಾಣುವ ಪೇಂಟೆಡ್ ಲೇಡಿ ಚಿಟ್ಟೆಯ ಮರಿಗಳಿಗೆ ಅಲ್ಲಿ ಮುಳ್ಳುಗಿಡವಾದ ಥಿಸಲ್ ಇಷ್ಟ. ಯಾವುದೂ ಬಡ್ಲಿಯದ ಎಲೆಯನ್ನು ನೆಚ್ಚಿಕೊಂಡಿಲ್ಲ. ತೋಟದವರು ಬಡ್ಲಿಯ ನೆಟ್ಟು, ತುರಿಕೆ ಗಿಡವನ್ನು ಕಳೆಯೆಂದು ಕಿತ್ತರೆ ಏನಾಗುತ್ತದೆ? ಚಿಟ್ಟೆಗೆ ಊಟದ ಹೋಟೆಲು ಸಿಗುತ್ತದೆ, ಮರಿಗಳಿಗೆ ತೊಟ್ಟಿಲು ಸಿಗುವುದಿಲ್ಲ. ಅಲ್ಲಿ ಕಾಣುವ ಚಿಟ್ಟೆಗಳೆಲ್ಲ ಬೇರೆಲ್ಲೋ ಹುಟ್ಟಿ ಬೆಳೆದು ಬಂದ ಅತಿಥಿಗಳು.

ಹಾಗಾದರೆ ಬ್ರಿಟನ್ನಿನಲ್ಲಿ ಬಡ್ಲಿಯದ ಎಲೆ ತಿನ್ನುವ ಕೀಟವೇ ಇಲ್ಲವೆ? ಇದೆ. ಡೆನಿಸ್ ಓವೆನ್ ಮತ್ತು ವೈಟ್‌ವೇ 1980ರಲ್ಲಿ ಪ್ರಕಟಿಸಿದ ಪ್ರಬಂಧದ ವಿಷಯವೇ ಇದು: ಪರದೇಶದ ಈ ಪೊದೆಯ ಸುತ್ತ ಕಾಲಕ್ರಮದಲ್ಲಿ ಯಾವ ಯಾವ ಕೀಟಗಳು ಸೇರಿಕೊಂಡವು? ಎಲೆ ತಿನ್ನುವವರಲ್ಲಿ ಮಲ್ಲೀನ್ ಪತಂಗದ ಮರಿ ಒಂದು. ಅದರ ಸಹಜ ಆಹಾರ ಮಲ್ಲೀನ್ ಎಂಬ ಸ್ಥಳೀಯ ಗಿಡ. ಇಲ್ಲಿ ಒಂದು ಸೊಗಸಾದ ಸಂಗತಿಯಿದೆ. ಸಸ್ಯಶಾಸ್ತ್ರಜ್ಞರು ಬಡ್ಲಿಯವನ್ನು ಬಹಳ ಕಾಲ ಲೊಗಾನಿಯೇಸೀ ಕುಟುಂಬದಲ್ಲಿ, ಅಂದರೆ ನಮ್ಮ ಕಾಸರಕದ ಜತೆಯಲ್ಲಿ ಇಟ್ಟಿದ್ದರು. ಇತ್ತೀಚಿನ ದಶಕಗಳಲ್ಲಿ ಡಿಎನ್ಎ ಹೋಲಿಕೆಯ ಆಧಾರದ ಮೇಲೆ ಅದನ್ನು ಸ್ಕ್ರೊಫುಲಾರಿಯೇಸೀ ಕುಟುಂಬಕ್ಕೆ ಸೇರಿಸಲಾಗಿದೆ. ಮಲ್ಲೀನ್ ಇರುವುದೂ ಅದೇ ಕುಟುಂಬದಲ್ಲಿ! ನಂಟು ಹತ್ತಿರದ್ದಾದರೆ ಎಲೆಯ ರಸಾಯನವೂ ಹತ್ತಿರದ್ದು. ಪ್ರಯೋಗಶಾಲೆ ಪತ್ತೆಹಚ್ಚಿದ ನಂಟನ್ನು ಹುಳುವಿನ ನಾಲಗೆ ಮೊದಲೇ ಗುರುತಿಸಿತ್ತು ಎನ್ನಬಹುದು.

ತೋಟದ ಲೆಕ್ಕ

ಡೆನಿಸ್ ಅವರ ಪತ್ನಿ ಜೆನಿಫರ್ ಓವೆನ್ ಕೂಡ ಜೀವವಿಜ್ಞಾನಿ. ಲೆಸ್ಟರ್ ನಗರದ ತಮ್ಮ ಮನೆಯ ಸಾಧಾರಣ ತೋಟದಲ್ಲಿ ಅವರು 1972ರಿಂದ 2001ರ ತನಕ, ಮೂವತ್ತು ವರ್ಷ ಬಿಡದೆ, ಬಂದು ಹೋದ ಜೀವಿಗಳನ್ನು ಲೆಕ್ಕ ಹಾಕಿದರು. ಒಟ್ಟು 2,673 ಪ್ರಭೇದಗಳು ಸಿಕ್ಕವು. ಅವುಗಳಲ್ಲಿ 1,997 ಕೀಟಗಳು, 474 ಸಸ್ಯಗಳು, 138 ಇತರ ಅಕಶೇರುಕಗಳು, 64 ಕಶೇರುಕಗಳು. ಮನೆಯ ತೋಟವೆಂದರೆ ಬರಿಯ ಅಲಂಕಾರವಲ್ಲ, ಅದೊಂದು ಜೀವಾವಾಸ ಎಂಬುದನ್ನು ಈ ಅಂಕಿಗಳು ತೋರಿಸಿದವು.

ಆದರೆ ತೋಟದ ವಿಚಾರದಲ್ಲಿ ಸದುದ್ದೇಶವೊಂದೇ ಸಾಲದು, ಪರೀಕ್ಷೆಯೂ ಬೇಕು. 'ಮೂಲೆಯಲ್ಲಿ ಒಂದಿಷ್ಟು ತುರಿಕೆ ಗಿಡ ಬಿಡಿ, ಚಿಟ್ಟೆ ಮರಿ ಬರುತ್ತದೆ' ಎಂಬ ಸಲಹೆಯನ್ನು ಶೆಫೀಲ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ನಗರದ ತೋಟಗಳಲ್ಲಿ ಪ್ರಯೋಗ ಮಾಡಿ ನೋಡಿದರು. 2005ರಲ್ಲಿ ಪ್ರಕಟವಾದ ಅವರ ಫಲಿತಾಂಶ ನಿರಾಶಾದಾಯಕ: ಸಣ್ಣ ಮಡಿಗಳು ಚಿಟ್ಟೆಗಳನ್ನು ಮೊಟ್ಟೆಯಿಡಲು ಸೆಳೆಯಲಿಲ್ಲ. ತುರಿಕೆ ಗಿಡ ಇದ್ದರಷ್ಟೇ ಸಾಲದು, ಬಿಸಿಲಿನಲ್ಲಿ ಸಾಕಷ್ಟು ವಿಸ್ತಾರವಾಗಿಯೂ ಇರಬೇಕು.

ಬಡ್ಲಿಯದ ಬಗ್ಗೆ ಬೇರೆ ಬೇರೆ ದೇಶಗಳು ಬೇರೆ ಬೇರೆ ತೀರ್ಮಾನಕ್ಕೆ ಬಂದವು. ನ್ಯೂಜಿಲೆಂಡಿನಲ್ಲಿ ಅದು ಪೈನ್ ನೆಡುತೋಪುಗಳ ಎಳೆಯ ಸಸಿಗಳನ್ನು ಮುಚ್ಚಿಹಾಕತೊಡಗಿತು. ಅದರ ಎಲೆಯನ್ನೇ ತಿನ್ನುವ, ಸೊಂಡಿಲಿನಂಥ ಮೂತಿಯ ಚೀನಾದ ಪುಟ್ಟ ಜೀರುಂಡೆಯನ್ನು ಪರೀಕ್ಷಿಸಿ 2006ರಲ್ಲಿ ಅಲ್ಲಿ ಬಿಡುಗಡೆ ಮಾಡಿದರು. ಅಮೆರಿಕದ ಓರೆಗಾನ್ ರಾಜ್ಯ ಅದನ್ನು ಹಾನಿಕರ ಕಳೆಯೆಂದು ಘೋಷಿಸಿ, ಮೊಳೆಯಬಲ್ಲ ಬೀಜ ಶೇಕಡ 2ಕ್ಕಿಂತ ಕಡಿಮೆಯಿರುವ ಬಂಜೆ ತಳಿಗಳ ಮಾರಾಟಕ್ಕೆ ಮಾತ್ರ ಅವಕಾಶವಿತ್ತಿತು. ಬ್ರಿಟನ್ನಿನಲ್ಲಿ ಹಾಗೆ ನಿಷೇಧಿಸಲಿಲ್ಲ. ಅಲ್ಲಿ ಬಲ್ಲವರು ಹೇಳುವುದು ಇಷ್ಟು: ಹೂವು ಹೊಸ ಚಿಗುರಿನಲ್ಲಿ ಬಿಡುವುದರಿಂದ ವಸಂತದ ಆರಂಭದಲ್ಲಿ ಪೊದೆಯನ್ನು ಮೋಟು ಮಾಡಿ, ಹೂವು ಬಾಡಿದ ಕೂಡಲೇ, ಬೀಜ ಬಲಿಯುವ ಮೊದಲು, ಗೊಂಚಲನ್ನು ಕತ್ತರಿಸಿ, ಅದರ ಜತೆಗೆ ಮರಿಗಳು ತಿನ್ನುವ ಸ್ಥಳೀಯ ಗಿಡಗಳಿಗೂ ಜಾಗ ಕೊಡಿ.

ನಮ್ಮ ಹಿತ್ತಲಿಗೆ ಬಂದರೆ

ಈ ಕಥೆ ನಮಗೆ ಹೊಸದಲ್ಲ. ಉಷ್ಣವಲಯದ ಅಮೆರಿಕದ ಲಂಟಾನವನ್ನು 19ನೆಯ ಶತಮಾನದ ಆರಂಭದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ತಂದದ್ದು ಅಲಂಕಾರಕ್ಕೆಂದೇ. ಅದರ ಹೂವಿಗೂ ಚಿಟ್ಟೆಗಳು ಮುತ್ತುತ್ತವೆ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡಿದವು. ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಲಂಟಾನದ ಮೆಳೆ ಹುಲ್ಲನ್ನೂ ಎಳೆಯ ಸಸಿಗಳನ್ನೂ ಅದುಮಿ ಕುಳಿತಿದೆ. ಚಿಟ್ಟೆ ಕುಳಿತ ಮಾತ್ರಕ್ಕೆ ಗಿಡ ಪರಿಸರಸ್ನೇಹಿಯೆಂದು ತೀರ್ಮಾನಿಸಬಾರದು ಎಂಬುದಕ್ಕೆ ನಮ್ಮ ಕಾಡುಗಳೇ ಸಾಕ್ಷಿ.

ಹಾಗಾದರೆ ಪರಿಮಳವೂ ಇರಬೇಕು, ಮಕರಂದವೂ ಇರಬೇಕು, ಮರಿಗಳಿಗೆ ಮೇವೂ ಆಗಬೇಕು. ಅಂಥ ಪೊದೆ ಇದೆಯೆ? ದೂರ ಹುಡುಕಬೇಕಾಗಿಲ್ಲ. ನಿಂಬೆ ಮತ್ತು ಕರಿಬೇವು ನಮ್ಮ ಹಿತ್ತಲಲ್ಲೇ ಇವೆ. ಎರಡರ ಬಿಳಿ ಹೂಗಳಿಗೂ ಸುವಾಸನೆಯಿದೆ. ಎರಡರ ಎಲೆಯನ್ನೂ ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಚಿಟ್ಟೆಗಳ ಮರಿಗಳು ತಿನ್ನುತ್ತವೆ. ಎಳೆಯ ಮರಿ ನೋಡಲು ಹಕ್ಕಿಯ ಹಿಕ್ಕೆಯಂತೆ, ಬಲಿತದ್ದು ಎಲೆಯಂತೆ ಹಸಿರು. ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬನ್ನು ಚಾಚಿ ಕಟುವಾಸನೆ ಬಿಡುತ್ತದೆ.

ಶಾಲೆಯಲ್ಲಿ ಒಂದು ಕೆಲಸ ಮಾಡಬಹುದು. ಒಂದು ಕರಿಬೇವಿನ ಗಿಡ ಆರಿಸಿಕೊಳ್ಳಿ. ಔಷಧಿ ಸಿಂಪಡಿಸಬೇಡಿ. ವಾರಕ್ಕೆರಡು ದಿನ ಮಕ್ಕಳು ಎರಡು ಪಟ್ಟಿಗಳನ್ನು ಬರೆಯಲಿ: ಹೂವಿಗೆ ಬಂದವರು ಯಾರು, ಎಲೆ ತಿಂದವರು ಯಾರು? ಪಕ್ಕದಲ್ಲಿ ಒಂದು ಅಲಂಕಾರದ ಹೂಗಿಡವನ್ನೂ ಹೀಗೆಯೇ ಗಮನಿಸಿ. ಒಂದು ವರ್ಷದ ಬಳಿಕ ಎರಡನೆಯ ಪಟ್ಟಿಗಳನ್ನು ಹೋಲಿಸಿ ನೋಡಿ.

ಕರಿಬೇವಿನ ಎಲೆಯಲ್ಲಿ ತೂತು ಕಂಡಾಗ ಮನೆಯಲ್ಲಿ ಯಾರಾದರೂ ಗೊಣಗಿದರೆ, ಹೇಳಲು ಆಗ ನಿಮ್ಮ ಮಕ್ಕಳ ಬಳಿ ಉತ್ತರ ಇರುತ್ತದೆ: ಎಲೆಯಲ್ಲಿ ತೂತೇ ಬೀಳದ ತೋಟದಲ್ಲಿ ಚಿಟ್ಟೆ ಹುಟ್ಟುವುದಿಲ್ಲ.